ಬಾನುಲಿಯಲ್ಲಿ ಹಳೆಯ ಹಾಡಿಗೆ ಎಷ್ಟು ಹೊತ್ತು?

ಹೊಸ ಹಾಡು ಎಷ್ಟು, ಹಳೆಯದು ಎಷ್ಟು? ಯಾವ ರೇಡಿಯೋ ಕೇಂದ್ರವನ್ನೂ ಬಿಡದ ಪ್ರಶ್ನೆ ಇದು. ಅಮೆರಿಕ ಇದಕ್ಕೆ ಸುಲಭದ ಉತ್ತರ ಕಂಡುಕೊಂಡಿತು. 1980ರ ದಶಕದಲ್ಲಿ ಹಳೆಯ ರಾಕ್ ಹಾಡುಗಳಿಗೆಂದೇ ಅಲ್ಲಿ 'ಕ್ಲಾಸಿಕ್ ರಾಕ್' ಕೇಂದ್ರಗಳು ಹುಟ್ಟಿಕೊಂಡವು. ಉಡುಪಿ, ಕಾಪು, ಕಾರ್ಕಳದ ಮನೆಗಳಿಗೆ ಆಗ ಸಿಗುತ್ತಿದ್ದುದು ಬೆರಳೆಣಿಕೆಯ ಕೇಂದ್ರಗಳು ಮಾತ್ರ. ಹಾಗಾಗಿ ಇಲ್ಲಿ ಪಾಲಾದದ್ದು ಕೇಂದ್ರಗಳಲ್ಲ, ದಿನದ ಹೊತ್ತು.

1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡನ್ನು ಆಕಾಶವಾಣಿಯಿಂದ ದೂರವಿಟ್ಟರು. ಕೇಳುಗರು ರೇಡಿಯೋ ಸಿಲೋನ್ ಕಡೆ ಹೊರಳಿದರು. ಅದೇ ಡಿಸೆಂಬರ್‌ನಲ್ಲಿ ಅಲ್ಲಿ ಆರಂಭವಾದ ಅಮೀನ್ ಸಯಾನಿಯವರ 'ಬಿನಾಕಾ ಗೀತ್‌ಮಾಲಾ' ಹೊಸ ಹಾಡುಗಳ ಪೈಪೋಟಿಯ ಕಣವಾಯಿತು. ಆದರೆ ಅದೇ ಕೇಂದ್ರ ಬೆಳಗಿನ ಅರ್ಧ ಗಂಟೆಯನ್ನು ಹಳೆಯ ಚಿತ್ರಗೀತೆಗಳಿಗೆ ಮೀಸಲಿಟ್ಟು, 1947ರಲ್ಲೇ ತೀರಿಕೊಂಡಿದ್ದ ಕೆ.ಎಲ್. ಸೈಗಲ್ ಅವರ ಹಾಡಿನಿಂದ ಅದನ್ನು ಮುಗಿಸುತ್ತಿತ್ತು.

1957ರ ಅಕ್ಟೋಬರ್ 3ರಂದು ಆರಂಭವಾದ ವಿವಿಧ ಭಾರತಿಯೂ ಇದೇ ದಾರಿ ಹಿಡಿಯಿತು. 'ಭೂಲೇ ಬಿಸ್ರೇ ಗೀತ್' ಮರೆತುಹೋದ ಹಾಡುಗಳಿಗೆ. 'ಚಿತ್ರಲೋಕ್' ಹೊಸ ಚಿತ್ರಗಳಿಗೆ. 1967ರಲ್ಲಿ ಜಾಹೀರಾತು ಬಂದ ಬಳಿಕ ಈ ವಿಂಗಡಣೆಗೆ ಇನ್ನಷ್ಟು ಅರ್ಥ ಬಂತು. ಹೊಸ ಹಾಡಿನ ಪ್ರಚಾರಕ್ಕೆ ನಿರ್ಮಾಪಕರು ಹಣ ಕೊಡುತ್ತಾರೆ. ಹಳೆಯ ಹಾಡಿಗೆ ಕೊಡುವವರಾರು? ಅದನ್ನು ಉಳಿಸಿದ್ದು ಗೊತ್ತುಪಡಿಸಿದ ವೇಳೆಯೇ.

1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ 'ಹಳೆಯದು' ಎಂಬುದರ ಅರ್ಥವೇ ಬದಲಾಯಿತು. ಮೊದಲ ತುಳು ಚಿತ್ರ ತೆರೆಕಂಡದ್ದು 1971ರಲ್ಲಿ. ಆಗ ತುಳು ಚಿತ್ರಗೀತೆಗಳೆಲ್ಲ ಹೊಸವೇ. ಹಳೆಯದೆಂದರೆ ಪಾಡ್ದನ, ಯಕ್ಷಗಾನ, ತಾಳಮದ್ದಲೆ. ಮಣಿಪಾಲದಲ್ಲಿ ಈಗ ಸಮುದಾಯ ಬಾನುಲಿಯೂ ಇದೆ. ಇಂಥ ಕೇಂದ್ರಗಳ ಪ್ರಸಾರದಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿಯೇ ತಯಾರಾಗಬೇಕೆಂಬುದು ಸರ್ಕಾರದ ನಿಯಮ.

ಇಂದು ಮೊಬೈಲಿನಲ್ಲಿ ಬೇಕಾದ ಹಾಡನ್ನು ಬೇಕಾದಾಗ ಕೇಳಬಹುದು. ಆದರೆ ಬೇಕೆಂದು ಹುಡುಕಲು ಹಾಡಿನ ಹೆಸರಾದರೂ ಗೊತ್ತಿರಬೇಕಲ್ಲ! ಶಾಲೆಗೆ ಹೊರಟ ಮಕ್ಕಳು ತಾವು ಹುಟ್ಟುವ ಮೊದಲೇ ತೀರಿಕೊಂಡಿದ್ದ ಗಾಯಕನ ದನಿಯನ್ನು ಗುರುತಿಸುತ್ತಿದ್ದುದು ಹುಡುಕಿ ಕೇಳಿದ್ದರಿಂದಲ್ಲ. ಕೇಳದೆಯೇ ಅದು ಅವರ ಕಿವಿಗೆ ಬೀಳುತ್ತಿದ್ದುದರಿಂದ.