ಸುಣ್ಣದ ಭಟ್ಟಿಯೂ ಮೀನಿನ ಹೊಂಡವೂ

ಬಾಗಲಕೋಟೆ ಕಡೆಯ ಬೇವೂರಿನ ಸೀಮೆಯಲ್ಲಿ ಸುಣ್ಣವೆಂದರೆ ಗೋಡೆಗೆ ಬಳಿಯುವ, ಎಲೆಗೆ ಸವರುವ ವಸ್ತುವೆಂದಷ್ಟೇ ಇಂದಿನವರು ಬಲ್ಲರು. ಆದರೆ ರೋಗ ತಗುಲಿದ ಮೀನಿನ ಹೊಂಡವನ್ನು ಶುದ್ಧಿಗೊಳಿಸುವ ದ್ರವ್ಯಗಳಲ್ಲಿಯೂ ಅದಕ್ಕೆ ಅಗ್ರಸ್ಥಾನವುಂಟು. ಆ ಸುಣ್ಣವನ್ನು ಸುಡುತ್ತಿದ್ದ ಸುಣಗಾರರಾದರೋ ಬಲೆ ಬೀಸುವ ಅಂಬಿಗ, ಕಬ್ಬೇರ, ಗಂಗಾಮತಸ್ಥರ ಸಾಲಿನಲ್ಲಿಯೇ ಸರಕಾರದ ಪಟ್ಟಿಯಲ್ಲಿ ಇಂದಿಗೂ ಎಣಿಸಲ್ಪಡುವವರು. ಬಲೆಯೂ ಭಟ್ಟಿಯೂ ಹೀಗೆ ನೆರೆಹೊರೆಯಾಗಿದ್ದುದು ನನಗೆ ಬಹುಕಾಲದಿಂದ ಪ್ರಿಯವಾದ ಸಂಗತಿ.

ಈ ನೆಲದಲ್ಲಿ ಸುಣ್ಣಕ್ಕೆ ಬರವಿಲ್ಲ. 1876ರಲ್ಲಿ ಪ್ರಕಟವಾದ ತನ್ನ ಭೂವಿಜ್ಞಾನ ಗ್ರಂಥದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಯಾವ ಶಿಲಾಸ್ತರಗಳಿಗೆ ಕಲಾದಗಿಯ ಹೆಸರನ್ನಿತ್ತನೋ, ಆ ಸ್ತರಗಳ ಸುಣ್ಣಕಲ್ಲೇ ಮುಂದೆ ಬಾಗಲಕೋಟೆಯ ಸಿಮೆಂಟಿಗೂ ಆಧಾರವಾಯಿತು. ಕಲ್ಲನ್ನೂ ಇದ್ದಿಲನ್ನೂ ಪದರಪದರವಾಗಿ ಒಟ್ಟಿ ಸುಟ್ಟರೆ ಬರುವ ಹರಳುಸುಣ್ಣವು, ನೀರು ಸೋಕಿದೊಡನೆ ಕುದಿದು ಅರಳುವಾಗಿನ ಬಿಸಿಯಿಂದಲೂ ತೀಕ್ಷ್ಣವಾದ ಕ್ಷಾರಗುಣದಿಂದಲೂ ಕೆಸರಿನೊಳಗಣ ರೋಗಾಣುಗಳನ್ನು ನಾಶಮಾಡುತ್ತದೆ.

1988ರಲ್ಲಿ ಈಶಾನ್ಯ ಭಾರತದ ನೀರುಗಳಲ್ಲಿ ಕಾಣಿಸಿಕೊಂಡು, ಮೀನಿನ ಮೈಮೇಲೆ ಕೆಂಪು ವ್ರಣಗಳನ್ನೆಬ್ಬಿಸುತ್ತ ದಕ್ಷಿಣದವರೆಗೂ ಹಬ್ಬಿದ ಮಹಾರೋಗದ ಕಾಲದಲ್ಲಿ, ಮತ್ಸ್ಯತಜ್ಞರು ಹಳ್ಳಿಹಳ್ಳಿಗೆ ಹೇಳಿದ ಉಪಾಯಗಳಲ್ಲಿ ಸುಣ್ಣವೂ ಒಂದು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮತ್ಸ್ಯಪಾಲನಾ ಸಂಸ್ಥೆಯು ಸಿಫಾಕ್ಸ್ ಎಂಬ ಔಷಧವನ್ನು ರೂಪಿಸಿದ ಮೇಲೆಯೂ ಬಡ ಮೀನುಗಾರನ ಕೈಗೆಟುಕುತ್ತಿದ್ದುದು ಸುಣ್ಣದ ಚೀಲವೇ.

ಆದರೂ ನಮ್ಮ ಎರೆಭೂಮಿಯು ಸ್ವಭಾವತಃ ಕ್ಷಾರಯುಕ್ತವಾದುದರಿಂದ, ಮೀನಿರುವ ನೀರಿಗೆ ಅಳತೆಯಿಲ್ಲದೆ ಸುಣ್ಣ ಸುರಿಯುವುದನ್ನು ನಾನು ಒಪ್ಪಲಾರೆ. ಕ್ಷಾರವೇರಿದಷ್ಟೂ ನೀರಿನ ಅಮೋನಿಯ ವಿಷವಾಗಿ ಉಳಿದ ಮೀನೂ ಸಾಯುವುದು. ರೋಗ ತಗುಲಿದ ಹೊಂಡವನ್ನು ಶುದ್ಧಿಗೊಳಿಸುವುದಾದರೆ, ಮೊದಲು ಸತ್ತ ಮೀನುಗಳನ್ನು ನೀರಿನಿಂದ ದೂರದಲ್ಲಿ ಸುಣ್ಣದೊಡನೆ ಹೂಳಬೇಕು. ಹೊಂಡದ ನೀರನ್ನು ಹಳ್ಳಕ್ಕೆ ಬಿಟ್ಟು ಕೆಳಗಿನವರಿಗೆ ರೋಗ ಹಂಚದಂತೆ, ಶುದ್ಧಿಗೊಳಿಸಿದ ಮೇಲೆಯೇ ಹೊರಹಾಕಬೇಕು. ಹೂಳನ್ನೆತ್ತಿ, ತಳವು ಬಿರಿಯುವವರೆಗೆ ಬಿಸಿಲಿಗೆ ಬಿಡಬೇಕು. ಬೇಸಗೆಯಲ್ಲಿ ಒಣಗಿದ ಕೆರೆಯ ಹೂಳನ್ನು ಹೊಲಕ್ಕೆ ಹೊತ್ತು ಹಾಕುತ್ತಿದ್ದ ನಮ್ಮ ಹಿರಿಯರು, ರೋಗಾಣುವಿನ ಹೆಸರನ್ನರಿಯದೆಯೂ, ಈ ಕೆಲಸದ ಅರ್ಧವನ್ನು ಪ್ರತಿವರ್ಷ ನೆರವೇರಿಸುತ್ತಿದ್ದರೆಂದು ನೆನೆದರೆ ಕೃತಜ್ಞತೆ ಹುಟ್ಟುತ್ತದೆ.

ಅನಂತರವೇ ಸುಣ್ಣದ ಸರದಿ. ತಳಕ್ಕೂ ಏರಿಯ ಒಳಮೈಗೂ ಅದನ್ನು ಎರಚಿ, ಬಲೆ ಬುಟ್ಟಿಗಳನ್ನು ತೊಳೆದು ಬಿಸಿಲಿಗೆ ಹರವಿ, ಹೊಸ ನೀರು ತುಂಬಿ, ಸುಣ್ಣದ ಖಾರ ಇಳಿಯುವವರೆಗೆ ಕಾಯುವರು. ಬಳಿಕ ಸಣ್ಣ ಬಲೆಯ ಗೂಡಿನಲ್ಲಿ ನಾಲ್ಕಾರು ಮರಿಗಳನ್ನು ಇಳಿಬಿಟ್ಟು, ಅವು ಚುರುಕಾಗಿ ಓಡಾಡುವುದನ್ನು ಕಣ್ಣಾರೆ ಕಂಡ ಮೇಲೆ ಕಟ್ಲಾ, ರೋಹುಗಳ ಉಳಿದ ಮರಿಗಳನ್ನು ತರಿಸುವರು.