ಕಲ್ಯಾಣ-ಠಾಣೆಯ ಸೀಮೆಯಲ್ಲಿ ಆತ್ಮಪರಿಶೋಧನೆ

ಬೈಬಲಿನ ವಚನಗಳನ್ನು ಮುಂದಿಟ್ಟುಕೊಂಡು, ದೇವರ ಎದುರಿನಲ್ಲಿ ತನ್ನ ಹೃದಯ ಯಾವ ಸ್ಥಿತಿಯಲ್ಲಿದೆ ಎಂದು ಪ್ರತಿಯೊಬ್ಬನೂ ವಿಚಾರಿಸಿಕೊಳ್ಳುವ ಕ್ರೈಸ್ತ ಆಚರಣೆಗೆ ಕನ್ನಡದಲ್ಲಿ ಆತ್ಮಪರಿಶೋಧನೆ ಎನ್ನಲಾಗುತ್ತದೆ. ಇದರ ಆಧಾರ ಮುಖ್ಯವಾಗಿ ಎರಡು ಕಡೆ ಇದೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯವು, ಪ್ರಭುವಿನ ಭೋಜನದಲ್ಲಿ ಪಾಲುಗೊಳ್ಳುವವನು ಅದಕ್ಕೆ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕೆಂದು ವಿಧಿಸುತ್ತದೆ. 139ನೆಯ ಕೀರ್ತನೆಯಲ್ಲಾದರೋ ಪರೀಕ್ಷಕನ ಸ್ಥಾನದಲ್ಲಿ ದೇವರೇ ಇದ್ದಾನೆ, ಭಕ್ತನು ಆ ಪರೀಕ್ಷೆಯನ್ನು ಬೇಡಿಕೊಳ್ಳುತ್ತಾನೆ.

ಕೊಂಕಣ ಕರಾವಳಿಯ ಉತ್ತರ ಭಾಗಕ್ಕೆ ಕ್ರೈಸ್ತ ಧರ್ಮ ಬಂದದ್ದು ಪೋರ್ಚುಗೀಸರೊಂದಿಗೆ ಎಂಬುದು ರೂಢಿಯ ತಿಳಿವಳಿಕೆಯಾದರೂ, ಆರನೆಯ ಶತಮಾನದ ನಡುವಿನಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಕಾಸ್ಮಾಸ್ ಎಂಬ ವರ್ತಕನು, ತಾಮ್ರವನ್ನೂ ಬಟ್ಟೆಯನ್ನೂ ರಫ್ತು ಮಾಡುವ 'ಕಲ್ಲಿಯಾನ' ಬಂದರಿನಲ್ಲಿ ಪರ್ಷಿಯಾದಿಂದ ನೇಮಕಗೊಂಡ ಧರ್ಮಾಧ್ಯಕ್ಷನೊಬ್ಬನಿದ್ದನೆಂದು ದಾಖಲಿಸಿದ್ದಾನೆ. ಇದು ಉಡುಪಿಯ ಬಳಿಯ ಕಲ್ಯಾಣಪುರವೆಂದು ವಾದಿಸುವ ವಿದ್ವಾಂಸರಿದ್ದಾರೆ, ಕನ್ನಡಿಗರಿಗೆ ಆ ವಾದ ಹಿತವಾಗಿಯೂ ಕೇಳಿಸುತ್ತದೆ. ಆದರೆ ಕಾಸ್ಮಾಸನು ಬಂದರುಗಳನ್ನು ಸಿಂಧೂ ಮುಖದಿಂದ ದಕ್ಷಿಣಕ್ಕೆ ಎಣಿಸುತ್ತ, ಕಲ್ಲಿಯಾನವನ್ನು ದಾಟಿದ ಬಳಿಕವೇ ಮೆಣಸಿನ ನಾಡಾದ 'ಮಲೆ'ಯ ಬಂದರುಗಳಿಗೆ ಬರುವುದರಿಂದ, ಉಲ್ಹಾಸ ನದಿಯ ದಂಡೆಯ ಕಲ್ಯಾಣದ ಪಕ್ಷವೇ ಹೆಚ್ಚು ಬಲವಾಗಿದೆ. ಆ ಧರ್ಮಾಧ್ಯಕ್ಷನು ಸೇರಿದ್ದ ಪೂರ್ವ ಸಿರಿಯಾಕ್ ಸಭೆಯಲ್ಲಿ, ಯೋನನ ಗ್ರಂಥದಲ್ಲಿ ನಿನೆವೆ ಪಟ್ಟಣದವರು ಪಶ್ಚಾತ್ತಾಪಪಟ್ಟ ಪ್ರಸಂಗವನ್ನು ನೆನೆದು ಮೂರು ದಿನ ಉಪವಾಸವಿರುವ ಪದ್ಧತಿ ಇಂದಿಗೂ ಇದೆ. ಅಲ್ಲಿ ಪರೀಕ್ಷೆಗೆ ನಿಲ್ಲುವುದು ಒಂಟಿ ಮನುಷ್ಯನಲ್ಲ, ಇಡೀ ಊರು.

ಈ ಪರಂಪರೆಯ ಹದಿನೈದು ಮನೆಗಳು ಠಾಣೆಯಲ್ಲಿದ್ದುದನ್ನು ಹದಿನಾಲ್ಕನೆಯ ಶತಮಾನದ ಪ್ರವಾಸಿ ಓಡೊರಿಕ್ ಬರೆದಿದ್ದಾನೆ. 1321ರಲ್ಲಿ ಅದೇ ಊರಿನಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಕೊಲೆಯಾದರು. ಅವರ ಜೊತೆಗಾರ ಜೋರ್ಡಾನಸ್ ಎಂಬ ಡೊಮಿನಿಕನ್ ಸಂನ್ಯಾಸಿ ಶವಗಳನ್ನು ಸೋಪಾರಾದಲ್ಲಿ ಹೂಳಿಸಿದನು.

ಆತ್ಮಪರಿಶೋಧನೆಯು ವಿಧಿಬದ್ಧ ರೂಪದಲ್ಲಿ ಇಲ್ಲಿಗೆ ಬಂದದ್ದು ಮಾತ್ರ 1534ರ ವಸಾಯಿ ಒಪ್ಪಂದದ ನಂತರ, ಗುಜರಾತಿನ ಸುಲ್ತಾನ ಬಹಾದ್ದೂರ್ ಷಾ ವಸಾಯಿಯನ್ನೂ ಅದರ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ ಮೇಲೆ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ, ಅಂದರೆ ಗುರುವಿನ ಮುಂದೆ ತಪ್ಪೊಪ್ಪಿಗೆ, ಮಾಡಲೇಬೇಕೆಂದು 1215ರ ಲ್ಯಾಟರನ್ ಮಹಾಸಭೆ ಕಟ್ಟಳೆ ಮಾಡಿತ್ತು. ಅದಕ್ಕೆ ಸಿದ್ಧತೆಯಾಗಿ ದೇವರ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಹಿಡಿದು ಮನಸ್ಸನ್ನು ಕೇಳಿಕೊಳ್ಳಬೇಕಿತ್ತು. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ 1548ರಲ್ಲಿ ಪೋಪರ ಒಪ್ಪಿಗೆ ಪಡೆದ ತನ್ನ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೈಪಿಡಿಯಲ್ಲಿ ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದನು: ಸಾಧಕನು ಒಂದು ದೋಷವನ್ನು ಆರಿಸಿಕೊಂಡು, ಅದರಲ್ಲಿ ಬಿದ್ದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು ಮರುಗಬೇಕು, ದಿನಕ್ಕೆ ಎರಡರಂತೆ ಏಳು ದಿನಗಳಿಗೆ ಗೆರೆಗಳನ್ನೆಳೆದು, ಮಧ್ಯಾಹ್ನದ ಮತ್ತು ರಾತ್ರಿಯ ಊಟದ ನಂತರ ತಪ್ಪಿಗೊಂದು ಚುಕ್ಕೆಯಂತೆ ಇಡಬೇಕು, ಹಿಂದಿನ ದಿನಕ್ಕಿಂತ ಚುಕ್ಕೆ ಕಡಿಮೆಯಾಯಿತೇ ಎಂದು ನೋಡಬೇಕು.

ವರ್ತಕನ ಖಾತೆಪುಸ್ತಕದಂಥ ಈ ಕ್ರಮ ಅಕ್ಷರ ಬಲ್ಲ ಗುರುಗಳಿಗೆ ಹೊಂದುತ್ತಿತ್ತೇ ಹೊರತು, ವಸಾಯಿ-ಠಾಣೆಯ ಮೀನುಗಾರರಿಗೂ ಬೇಸಾಯಗಾರರಿಗೂ ಅಲ್ಲ. ಅವರ ಹೃದಯವನ್ನು ಮುಟ್ಟಿದ್ದು ಹಾಡು. ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಮರಾಠಿಯ ಓವಿಗಳಲ್ಲಿ ಬರೆದ 'ಕ್ರಿಸ್ತಪುರಾಣ' 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾಯಿತು. (ಆತ ದುಡಿದದ್ದು ಗೋವೆಯ ಸಾಷ್ಟಿಯಲ್ಲಿ, ಠಾಣೆ ಇರುವ ದ್ವೀಪಕ್ಕೂ ಸಾಷ್ಟಿ ಎಂದೇ ಹೆಸರಿರುವುದರಿಂದ ಎರಡನ್ನೂ ಬೆರೆಸುವುದು ಬರಹಗಳಲ್ಲಿ ಕಾಣುವ ದೋಷ.) ಇದೇ ಕೃತಿಯ 1907ರ ಮುದ್ರಣ ಹೊರಬಂದದ್ದು ಮಂಗಳೂರಿನಿಂದ. ಮುಂಬಯಿ ಸೀಮೆಯ ಕ್ರೈಸ್ತರ ಆಡುಮಾತಿಗೆ ಹತ್ತಿರದ ಮರಾಠಿಯಲ್ಲಿ ಫ್ರಾನ್ಸಿಸ್ಕೊ ವಾಜ್ ದೆ ಗಿಮರಾಯಿಸ್ ರಚಿಸಿದ, ಯೇಸುವಿನ ಯಾತನೆ ಮತ್ತು ಮರಣವನ್ನು ಹೇಳುವ ಪುರಾಣವು 1659ರಲ್ಲಿ ಪ್ರಕಟವಾಗಿ, ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಹಾಡುವ ಗ್ರಂಥವಾಯಿತು. ಯೂದನ ದ್ರೋಹವನ್ನೂ ಪೇತ್ರನ ನಿರಾಕರಣೆಯನ್ನೂ ತನ್ನ ಮಾತಿನಲ್ಲೇ ಕೇಳಿದವನಿಗೆ ತನ್ನೊಳಗಿನ ಯೂದನನ್ನು ಹುಡುಕಲು ಪ್ರಶ್ನಾವಳಿ ಬೇಕಾಗಲಿಲ್ಲ. ಈ ಸೀಮೆಯಲ್ಲಿ ಆತ್ಮಪರಿಶೋಧನೆ ಬೇರೂರಿದ್ದು ಚುಕ್ಕೆಯ ಲೆಕ್ಕದಿಂದಲ್ಲ, ಹಾಡಿದ ಕಥೆಯಿಂದ ಎಂಬುದೇ ಇಲ್ಲಿನ ನಿರ್ಣಯ.

1737ರಲ್ಲಿ ಠಾಣೆಯೂ 1739ರಲ್ಲಿ ವಸಾಯಿಯೂ ಮರಾಠರ ವಶವಾಗಿ ಪೋರ್ಚುಗೀಸ್ ಆಡಳಿತ ಕೊನೆಗೊಂಡರೂ ಈ ಸಮುದಾಯ ಉಳಿಯಿತು. 1887ರಲ್ಲಿ ಅದು 'ಈಸ್ಟ್ ಇಂಡಿಯನ್' ಎಂಬ ಹೆಸರನ್ನು ತಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಉದ್ಯೋಗವನ್ನು ಅರಸಿ ಬಂದ ಮಂಗಳೂರಿನ ಕ್ರೈಸ್ತರು ಕನ್ನಡ ಲಿಪಿಯಲ್ಲಿ ಕೊಂಕಣಿಯನ್ನು ಓದುವ ರೂಢಿಯನ್ನು ಮುಂಬಯಿಗೂ ಅದರ ಉಪನಗರಗಳಿಗೂ ತಂದರು. ಕೇರಳದಿಂದ ಬಂದವರು ಸಿರಿಯಾಕ್ ಪರಂಪರೆಯ ಮೂರು ದಿನದ ನಿನೆವೆ ಉಪವಾಸವನ್ನು ತಂದರು. ಈ ಎರಡನೆಯವರಿಗಾಗಿ 1988ರಲ್ಲಿ ಸಿರೋ-ಮಲಬಾರ್ ಸಭೆಯ ಧರ್ಮಪ್ರಾಂತ್ಯವೊಂದು ಸ್ಥಾಪನೆಯಾಯಿತು. ಅದಕ್ಕೆ ಇಟ್ಟ ಹೆಸರು ಕಲ್ಯಾಣ.