ಹಾಜರಿ ಪುಸ್ತಕದ ಆಚೆ

ಕೆಲವು ತಿಂಗಳ ಹಿಂದೆ, ಒಂದು ಭಾನುವಾರದ ಬೆಳಿಗ್ಗೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಭದ್ರಾವತಿಯಿಂದ ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದ. ಜೊತೆಯಲ್ಲಿ ಮಗಳೂ ಇದ್ದಳು. ಹುಡುಗಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ತರಗತಿಗೆ ಸೀಟು ದೊರೆತಿತ್ತು. ಹಾಸ್ಟೆಲಿಗೆ ಸೇರುವ ಮೊದಲು ಮೇಷ್ಟ್ರ ಆಶೀರ್ವಾದ ಬೇಕೆಂದು ಕರೆತಂದಿದ್ದ. ಕಾಫಿ ಕುಡಿದು ಲೋಟ ಕೆಳಗಿಡುತ್ತ ಅವನು ತಗ್ಗಿದ ದನಿಯಲ್ಲಿ ಕೇಳಿದ: “ಅಲ್ಲಿ ಕೇಳೋರು ಯಾರಾದ್ರೂ ಇದಾರಾ, ಮೇಷ್ಟ್ರೇ?”

ಆ ಪ್ರಶ್ನೆಯ ಹಿಂದಿನ ಕಥೆ ನಮ್ಮಿಬ್ಬರಿಗೂ ಗೊತ್ತಿತ್ತು. ಅವನ ತಂದೆ ಭದ್ರಾವತಿಯಲ್ಲಿ ಗುತ್ತಿಗೆ ಕೂಲಿಯಾಗಿದ್ದವರು. ಹುಡುಗ ನನ್ನ ತರಗತಿಯಲ್ಲಿ ಗಣಿತಕ್ಕೆ ಮೊದಲಿಗ. ಪಿ.ಯು.ಸಿ. ಮುಗಿಸಿ, 1990ರಲ್ಲಿ, ಪರಸ್ಥಳದ ಒಂದು ಪದವಿ ಕಾಲೇಜಿಗೆ ಸೇರಿದ. ಆರು ತಿಂಗಳಲ್ಲಿ ಬಿಟ್ಟು ಬಂದ. ವರ್ಷಗಳ ನಂತರ ಒಂದು ಬಟ್ಟೆ ಅಂಗಡಿಯಲ್ಲಿ ಅಳತೆಗೋಲು ಹಿಡಿದು ನಿಂತಿದ್ದವನನ್ನು ಕಂಡು, ಏಕೆ ಹೀಗಾಯಿತೆಂದು ವಿಚಾರಿಸಿದೆ. ಅವನು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಪಾಠ ಇಂಗ್ಲಿಷಿನಲ್ಲಿ, ತಲೆಗೆ ಹತ್ತಲಿಲ್ಲ. ಊಟದ ದುಡ್ಡೂ ಮುಗೀತು. ಮೂರು ವಾರ ಕ್ಲಾಸಿಗೆ ಹೋಗಲಿಲ್ಲ. ಹಾಜರಿ ಪುಸ್ತಕದಲ್ಲಿ ದಿನಾ ‘ಗೈರು’ ಅಂತ ಬರೆದ್ರು, ಮೇಷ್ಟ್ರೇ. ಯಾಕೆ ಬರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದ: “ನೀವೂ ಕೇಳಲಿಲ್ಲ.”

ನಿಜ, ನಾನೂ ಕೇಳಿರಲಿಲ್ಲ. ಕಾಲೇಜಿಗೆ ಸೇರಿಸಿದರೆ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ. ಈಗ ಅವನು ಮಗಳ ಪರವಾಗಿ ಕೇಳಿದ ಪ್ರಶ್ನೆಗೆ ಸುಲಭದ ಭರವಸೆಯ ಮಾತಿನಿಂದ ಉತ್ತರಿಸಲು ಮನಸ್ಸೊಪ್ಪಲಿಲ್ಲ. ತರಗತಿಯ ಹೊರಗೆ ವಿದ್ಯಾರ್ಥಿಯ ಬದುಕು ಅಧ್ಯಾಪಕರಿಗೆ ಯಾವ ರೀತಿಯಲ್ಲಿ ಸಂಬಂಧಿಸಿದ್ದು, ನಮ್ಮ ಸೀಮೆಯಲ್ಲಿ ಆ ಸಂಬಂಧ ಹೇಗೆ ಬೆಳೆದು ಬಂತು ಎಂಬುದನ್ನು ನೆನಪು ಮಾಡಿಕೊಳ್ಳುತ್ತ ಈ ಬರಹಕ್ಕೆ ಕುಳಿತಿದ್ದೇನೆ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಆ ಕಾಲದಲ್ಲಿ ಹಳ್ಳಿಯಿಂದ ಓದಲು ಬಂದ ಬಡ ಹುಡುಗನ ಮೊದಲ ಚಿಂತೆ ಪಠ್ಯಪುಸ್ತಕದ್ದಲ್ಲ, ಎರಡು ಹೊತ್ತಿನ ಅನ್ನದ್ದು. ವಾರಾನ್ನವೆಂಬ ಪದ್ಧತಿ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಗಳ ಊಟದಿಂದ ಒಬ್ಬ ಹುಡುಗನ ಓದು ಸಾಗುತ್ತಿತ್ತು. ಅನೇಕ ಅಧ್ಯಾಪಕರ ಮನೆಗಳೂ ಆ ಏಳರಲ್ಲಿ ಒಂದಾಗಿರುತ್ತಿದ್ದವು. ಅದನ್ನು ಹೊಗಳುವಾಗ ಒಂದು ಸತ್ಯವನ್ನು ಮರೆಯಬಾರದು. ವಾರಾನ್ನದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ. ಮಠಗಳೂ ಸಮುದಾಯಗಳೂ ತಮ್ಮ ತಮ್ಮ ವಿದ್ಯಾರ್ಥಿನಿಲಯಗಳನ್ನು ಕಟ್ಟಿದ್ದಕ್ಕೆ, ಮುಂದೆ ಸರ್ಕಾರವೇ ಹಿಂದುಳಿದವರಿಗೆ ಮತ್ತು ದಲಿತರಿಗೆ ಹಾಸ್ಟೆಲುಗಳನ್ನು ತೆರೆದದ್ದಕ್ಕೆ ಈ ಮುಚ್ಚಿದ ಬಾಗಿಲೂ ಒಂದು ಕಾರಣ.

ನಮ್ಮ ಮಲೆನಾಡಿನ ಪುಟ್ಟಪ್ಪನವರನ್ನೇ ನೋಡಿ. ಕುಪ್ಪಳಿಯಿಂದ ಮೈಸೂರಿಗೆ ಹೋದ ಆ ತರುಣನಿಗೆ ಹಲವು ವರ್ಷಗಳ ಕಾಲ ಆಶ್ರಯವಾದದ್ದು ಅಲ್ಲಿನ ಶ್ರೀರಾಮಕೃಷ್ಣಾಶ್ರಮ. ಗುರುವಾಗಿ ದೊರೆತವರು ಟಿ.ಎಸ್. ವೆಂಕಣ್ಣಯ್ಯನವರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಅದಾಗಿ ಹತ್ತು ವರ್ಷಗಳ ಮೇಲೆ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಆ ಗುರುವಿಗೆ. ಕೇವಲ ತರಗತಿಯ ಪಾಠಕ್ಕೆ ಯಾರೂ ಇಂತಹ ಕಾಣಿಕೆ ಸಲ್ಲಿಸುವುದಿಲ್ಲವೆಂದು ನನ್ನ ನಂಬಿಕೆ. ಕುವೆಂಪು ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ 1956ರಿಂದ 1960ರವರೆಗೆ ಸೇವೆ ಸಲ್ಲಿಸಿದರು. ಮಾನಸಗಂಗೋತ್ರಿ ರೂಪುಗೊಂಡದ್ದು ಆಗ.

ಇನ್ನು ನನ್ನ ಸ್ವಂತ ಅನುಭವ. ಶಿವಮೊಗ್ಗದಲ್ಲಿ 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾದ ಸಂಸ್ಥೆಯೇ ಮುಂದೆ ಸಹ್ಯಾದ್ರಿ ಕಾಲೇಜಾಗಿ ಬೆಳೆಯಿತು. ನಾನು 1967ರಲ್ಲಿ ಅಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಊರಿನಿಂದ ತಂದ ಅಕ್ಕಿ, ಬೆಲ್ಲ, ಉಪ್ಪಿನಕಾಯಿಯ ಜಾಡಿಗಳೊಂದಿಗೆ ಮೂವರು ಹುಡುಗರು ಒಂದು ಬಾಡಿಗೆ ಕೋಣೆಯಲ್ಲಿ ಅಡುಗೆ ಮಾಡಿಕೊಂಡಿದ್ದೆವು. ಎರಡನೆಯ ವರ್ಷದ ಮಳೆಗಾಲದಲ್ಲಿ ನನಗೆ ವಿಷಮಶೀತಜ್ವರ ಬಂತು. ಎಂಟು ದಿನ ಕಾಲೇಜಿಗೆ ಹೋಗಲಿಲ್ಲ. ಒಂಬತ್ತನೆಯ ದಿನ ಸಂಜೆ ಬಾಗಿಲಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಒದ್ದೆಯಾದ ಕೊಡೆ ಹಿಡಿದು ನಮ್ಮ ಭೌತಶಾಸ್ತ್ರದ ಅಧ್ಯಾಪಕರು ನಿಂತಿದ್ದರು! “ಪ್ರಾಕ್ಟಿಕಲ್ ತಪ್ಪಿಸೋ ಹುಡುಗ ಅಲ್ಲವಲ್ಲ ನೀನು, ಏನಾಯ್ತು ಅಂತ ನೋಡಿ ಹೋಗೋಣ ಅಂತ ಬಂದೆ” ಎಂದರು. ವೈದ್ಯರನ್ನು ಕರೆತಂದವರು ಅವರು. ಊರಿಗೆ ಕಾಗದ ಬರೆದವರು ಅವರು. ಗುಣವಾಗುವವರೆಗೂ ಅವರ ಮನೆಯಿಂದ ಗಂಜಿ ಬಂತು. ಇದು ಅವರ ಕರ್ತವ್ಯದ ಪಟ್ಟಿಯಲ್ಲಿ ಇರಲಿಲ್ಲ. ಇದಕ್ಕಾಗಿ ಯಾವ ಸಮಿತಿಯೂ ಇರಲಿಲ್ಲ. ಅಂದು ಆ ಸೈಕಲ್ ಬಾರದಿದ್ದರೆ ನಾನು ಪದವೀಧರನಾಗುತ್ತಿರಲಿಲ್ಲ; ಬಹುಶಃ ಬದುಕಿಯೂ ಇರುತ್ತಿರಲಿಲ್ಲ.

ಆದರೆ ಇಂತಹ ಕಾರುಣ್ಯ ಅದೃಷ್ಟವನ್ನು ಅವಲಂಬಿಸಿರುತ್ತದೆ. ನನಗೆ ಆ ಅಧ್ಯಾಪಕರು ದೊರೆತರು, ನನ್ನ ವಿದ್ಯಾರ್ಥಿಗೆ ದೊರೆಯಲಿಲ್ಲ. ನಮ್ಮ ಹಿರಿಯರು ಇದನ್ನು ಮನಗಂಡಿದ್ದರು. 1948ರಲ್ಲಿ ನೇಮಕವಾದ ರಾಧಾಕೃಷ್ಣನ್ ಆಯೋಗ ತನ್ನ ವರದಿಯಲ್ಲಿ ವಿದ್ಯಾರ್ಥಿ ಕ್ಷೇಮದ ಬಗ್ಗೆಯೇ ಒಂದು ಅಧ್ಯಾಯವನ್ನು ಬರೆಯಿತು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಇನ್ನೂ ಮುಂದೆ ಹೋಗಿ, ವಿದ್ಯಾರ್ಥಿಗಳಿಗೆ ನೀಡುವ ಇಂತಹ ಸೇವೆಗಳು ಉಪಕಾರವಲ್ಲ, ಶಿಕ್ಷಣದ ಅವಿಭಾಜ್ಯ ಅಂಗ ಎಂಬ ನಿಲುವನ್ನು ತಳೆಯಿತು. ಗಾಂಧೀ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಪ್ರಾರಂಭವಾಯಿತು.

ಈ ಎನ್.ಎಸ್.ಎಸ್. ಕುರಿತು ಒಂದೆರಡು ಮಾತು ಹೇಳಲೇಬೇಕು. ಇದರ ಕಾರ್ಯಕ್ರಮಾಧಿಕಾರಿ ಹೊರಗಿನಿಂದ ಬಂದವರಲ್ಲ, ಕಾಲೇಜಿನ ಅಧ್ಯಾಪಕರೇ. ನಾನು ಭದ್ರಾವತಿಯಲ್ಲಿ ಶಿಕ್ಷಕನಾಗಿದ್ದಾಗ ಸುತ್ತಲಿನ ಹಳ್ಳಿಗಳಲ್ಲಿ ಇಂತಹ ಶಿಬಿರಗಳನ್ನು ಹಲವು ಸಲ ಕಂಡಿದ್ದೇನೆ. ಶಾಲೆಯ ಜಗುಲಿಯಲ್ಲಿ ಜಮಖಾನ ಹಾಸಿ ಅಧ್ಯಾಪಕರೂ ಹುಡುಗರೂ ಒಟ್ಟಿಗೆ ಮಲಗುತ್ತಿದ್ದರು. ಬೆಳಿಗ್ಗೆ ಚರಂಡಿ ತೋಡುವ ಶ್ರಮದಾನ, ರಾತ್ರಿ ಹಾಡು, ಹರಟೆ. ಶಿಬಿರ ಮುಗಿಯುವಷ್ಟರಲ್ಲಿ ಯಾವ ಹುಡುಗನ ಮನೆಯಲ್ಲಿ ಸಾಲವಿದೆ, ಯಾರಿಗೆ ತಾಯಿಯಿಲ್ಲ, ಯಾರು ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾನೆ ಎಂಬುದು ಆ ಅಧ್ಯಾಪಕರಿಗೆ ತಿಳಿದಿರುತ್ತಿತ್ತು. ತರಗತಿಯ ಮೂರು ವರ್ಷ ತಿಳಿಸದ್ದನ್ನು ಒಂದು ವಾರದ ಸಹವಾಸ ತಿಳಿಸುತ್ತಿತ್ತು. ಹಳ್ಳಿಗೆ ಆದ ಉಪಕಾರಕ್ಕಿಂತ ಇದೇ ದೊಡ್ಡ ಲಾಭವೆಂದು ನನಗೆ ತೋರುತ್ತಿತ್ತು.

ಭದ್ರಾವತಿಯ ಮಾತು ಬಂದಾಗ ಪ್ರೊ. ಬಿ. ಕೃಷ್ಣಪ್ಪನವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಹರಿಹರದಲ್ಲಿ 1938ರಲ್ಲಿ ಜನಿಸಿದ ಅವರು ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. ನಾನು ಅವರ ಶಿಷ್ಯನಲ್ಲ, ಸಭೆಗಳಲ್ಲಿ ದೂರದಿಂದ ಕಂಡವನು. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರ ‘ಬೂಸಾ’ ಮಾತಿನಿಂದ ಎದ್ದ ಗಲಭೆಯಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಹಲ್ಲೆಗಳಾದವು. ಆ ದಿನಗಳ ನಂತರ, ದಶಕದ ನಡುಭಾಗದಲ್ಲಿ, ಭದ್ರಾವತಿಯಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿಗೆ ಕೃಷ್ಣಪ್ಪನವರು ಸ್ಥಾಪಕರಾದರು. ಅದರ ಬಲ ಬಹುಮಟ್ಟಿಗೆ ಹಾಸ್ಟೆಲಿನ ಹುಡುಗರಿಂದ, ಆಗತಾನೇ ಓದು ಮುಗಿಸಿದ ತರುಣರಿಂದ ಬಂತು. ಹಾಸ್ಟೆಲೆಂದರೆ ಕೇವಲ ಅನ್ನ ಮತ್ತು ಹಾಸಿಗೆಯ ಸ್ಥಳವಲ್ಲ, ತಲೆಯೆತ್ತಿ ಮಾತನಾಡಲು ಕಲಿಯುವ ಸ್ಥಳ ಎಂಬುದು ನಮ್ಮಂಥವರಿಗೆ ಆಗ ಅರಿವಾಯಿತು. ವಾರಾನ್ನದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಬಳಿಗೆ ಒಬ್ಬ ಮೇಷ್ಟ್ರು ತಾವಾಗಿಯೇ ನಡೆದು ಹೋದ ಚರಿತ್ರೆ ಇದು.

ಇನ್ನು ಶಂಕರಘಟ್ಟ. ಭದ್ರಾ ಅಣೆಕಟ್ಟಿನ ಯೋಜನೆಯಿಂದಾಗಿ ಬಿ.ಆರ್. ಪ್ರಾಜೆಕ್ಟ್ ಎಂದು ಜನಜನಿತವಾದ ಜಾಗದಲ್ಲಿ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಿತ್ತು. 1987ರಲ್ಲಿ ಅದೇ ನೆಲದಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯ ಹುಟ್ಟಿತು. ಕವಿ ಜೀವಿಸಿದ್ದಾಗಲೇ ಅವರ ಹೆಸರನ್ನು ಹೊತ್ತಿತು. ಕಾದಂಬರಿಕಾರ ಶಾಂತಿನಾಥ ದೇಸಾಯಿಯವರು ಅದರ ಮೊದಲ ಕುಲಪತಿಗಳು. ಕ್ಯಾಂಪಸ್ಸಿಗೆ ‘ಜ್ಞಾನ ಸಹ್ಯಾದ್ರಿ’ ಎಂದು ಹೆಸರು. ಸುತ್ತ ಕಾಡು, ಹತ್ತಿರದಲ್ಲೇ ಜಲಾಶಯ. ಶಿವಮೊಗ್ಗ ಸುಮಾರು 28 ಕಿ.ಮೀ. ದೂರ. ಓದಿಗೆ ಇಂತಹ ಏಕಾಂತ ಒಳ್ಳೆಯದೇ. ಆದರೆ ಊರಾಚೆ ಕಟ್ಟಿದ ಕ್ಯಾಂಪಸ್ಸುಗಳಿಗೆಲ್ಲ, ನಾಡಿನಾದ್ಯಂತ, ಒಂದು ಸಾಮಾನ್ಯ ತೊಡಕಿದೆ. ಸಂಜೆ ಪಾಠ ಮುಗಿದ ಮೇಲೆ ಬಹುಪಾಲು ಅಧ್ಯಾಪಕರು ನಗರದ ಮನೆಗೆ ಮರಳುತ್ತಾರೆ. ಮಕ್ಕಳು ಹಾಸ್ಟೆಲಿನಲ್ಲಿ ಉಳಿಯುತ್ತಾರೆ. ಮನಸ್ಸು ಕುಗ್ಗುವುದು ಬೆಳಗಿನ ಹತ್ತು ಗಂಟೆಗಲ್ಲ, ರಾತ್ರಿ ಹತ್ತು ಗಂಟೆಗೆ.

ಈಗ ನಿಯಮಗಳಿಗೇನೂ ಕೊರತೆಯಿಲ್ಲ. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆ ಕಾಲೇಜುಗಳನ್ನು ಅಳೆಯುವಾಗ ವಿದ್ಯಾರ್ಥಿಗಳಿಗೆ ದೊರೆಯುವ ಬೆಂಬಲವನ್ನೂ ಒಂದು ಮಾನದಂಡವನ್ನಾಗಿ ಮಾಡಿತು. ಅಲ್ಲಿಂದ ಮುಂದೆ ಪ್ರತಿ ಅಧ್ಯಾಪಕರಿಗೆ ಇಷ್ಟು ವಿದ್ಯಾರ್ಥಿಗಳೆಂದು ಹಂಚುವ ‘ಮೆಂಟರ್’ ಪದ್ಧತಿ ಎಲ್ಲೆಡೆ ಹರಡಿತು. ರ್‍ಯಾಗಿಂಗ್ ತಡೆಗೆ ಯು.ಜಿ.ಸಿ. 2009ರಲ್ಲಿ ನಿಯಮಾವಳಿ ತಂದಿತು. ಹೊಸದಾಗಿ ಸೇರಿದವರನ್ನು ಸ್ವಾಗತಿಸಿ ಪರಿಚಯಿಸಿಕೊಳ್ಳುವ ‘ದೀಕ್ಷಾರಂಭ’ ಕಾರ್ಯಕ್ರಮ 2019ರದು. 2025ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದೂ, ಬೋಧಕ ಹಾಗೂ ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕೆಂದೂ ನಿರ್ದೇಶನ ನೀಡಿತು. ನಾನು ವಿದ್ಯಾರ್ಥಿಯಾಗಿದ್ದಾಗ ಇವುಗಳಲ್ಲಿ ಒಂದೂ ಇರಲಿಲ್ಲ.

ಇವೆಲ್ಲ ಕಾಗದದ ಕುದುರೆಗಳೆಂದು ನಮ್ಮ ವಯಸ್ಸಿನವರು ಮೂಗು ಮುರಿಯುವುದುಂಟು. ನಾನು ಆ ಗುಂಪಿಗೆ ಸೇರಿದವನಲ್ಲ. ಸೈಕಲ್ಲಿನ ಮೇಲೆ ಬಂದ ಗುರುವಿನ ಕಥೆಯನ್ನು ಭಕ್ತಿಯಿಂದ ಹೇಳುವ ನಾವು, ಅಂತಹ ಗುರು ಬಾರದ ಕೋಣೆಗಳ ಲೆಕ್ಕವನ್ನು ಇಟ್ಟಿಲ್ಲ. ಪಟ್ಟಿಯೊಂದಿದ್ದರೆ, ಯಾರ ಹೆಸರು ಯಾರ ಹೊಣೆ ಎಂಬುದಾದರೂ ಗೊತ್ತಾಗುತ್ತದೆ. ಆದರೆ ಪಟ್ಟಿ ತಾನಾಗಿಯೇ ಬಾಗಿಲು ತಟ್ಟುವುದಿಲ್ಲ. ಮೆಂಟರ್ ಪುಸ್ತಕದಲ್ಲಿ ಸಹಿ ಬಿದ್ದು, ಹುಡುಗಿ ಊಟ ಮಾಡಿದಳೋ ಇಲ್ಲವೋ ಯಾರಿಗೂ ತಿಳಿಯದಿದ್ದರೆ, ಅದು ಇನ್ನೊಂದು ಹಾಜರಿ ಪುಸ್ತಕವಷ್ಟೇ ಆಗುತ್ತದೆ.

ಅಧ್ಯಾಪಕರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ. ಮುಂದಿನ ವರ್ಷ ತಾನೇ ಆ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ತಿಳಿಯದವರು ವಿದ್ಯಾರ್ಥಿಯ ಮೂರು ವರ್ಷಗಳ ಹೊಣೆಯನ್ನು ಹೇಗೆ ಹೊರಬೇಕು? ಕಾಯಂ ಇರುವವರ ಮೇಜಿನ ಮೇಲೂ ವರದಿ, ಮೌಲ್ಯಮಾಪನಗಳ ರಾಶಿ. ವಿದ್ಯಾರ್ಥಿಯ ಕೋಣೆಗೆ ಹೋದ ಒಂದು ಗಂಟೆಯನ್ನು ಕೆಲಸವೆಂದು ಎಣಿಸುವ ವ್ಯವಸ್ಥೆ ಬಂದಾಗ ಮಾತ್ರ ಆ ಗಂಟೆ ಎಲ್ಲರಿಗೂ ಸಿಕ್ಕೀತು.

ಆ ಭಾನುವಾರ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: “ಮೊದಲ ವಾರವೇ ನಿನ್ನ ಮೆಂಟರ್ ಯಾರು ಅಂತ ವಿಚಾರಿಸಮ್ಮ. ಅವರ ಮುಂದೆ ಹೋಗಿ ನಿಂತು ನಿನ್ನ ಹೆಸರು, ಊರು ಹೇಳು. ಎನ್.ಎಸ್.ಎಸ್. ಇದ್ದರೆ ಸೇರಿಕೋ. ಕಷ್ಟ ಬಂದಾಗ ಅವರಾಗಿ ಕೇಳಲಿ ಅಂತ ಕಾಯಬೇಡ.” ಅವಳು ತಲೆಯಾಡಿಸಿದಳು. ಅವಳ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ.

ಹೊರಡುವ ಮುನ್ನ ಹುಡುಗಿಯ ಫೋನ್ ನಂಬರನ್ನು ನನ್ನ ಡೈರಿಯಲ್ಲಿ ಬರೆದುಕೊಂಡೆ. ಈಗ ಪ್ರತಿ ಬುಧವಾರ ರಾತ್ರಿ ಊಟವಾದ ಮೇಲೆ ಕರೆ ಮಾಡುತ್ತೇನೆ. ಹೆಚ್ಚೇನೂ ಮಾತಿರುವುದಿಲ್ಲ. “ಊಟ ಆಯ್ತಾ? ಕ್ಲಾಸಿಗೆ ಹೋದೆಯಾ?” ಎಂದಷ್ಟೇ. ಮೂವತ್ತೈದು ವರ್ಷ ತಡವಾಗಿ ಕೇಳುತ್ತಿರುವ ಪ್ರಶ್ನೆಗಳಿವು. ಹೋದ ವಾರ ಅವಳೇ ಹೇಳಿದಳು: “ಎರಡು ದಿನ ಜ್ವರ ಇತ್ತು ಅಜ್ಜ. ನಮ್ಮ ಮೇಡಂ ಹಾಸ್ಟೆಲಿಗೆ ಬಂದು ನೋಡಿಕೊಂಡು ಹೋದರು.”

ಅಂದು ರಾತ್ರಿಯೇ ಭದ್ರಾವತಿಗೆ ಫೋನ್ ಮಾಡಿ ಅವಳ ಅಪ್ಪನಿಗೆ ತಿಳಿಸಿದೆ: “ಕೇಳೋರು ಇದಾರಪ್ಪ.”